ಕ್ಲಿನಿಕ್ಕಿನಲ್ಲಿ ಸಿಬ್ಬಂದಿ ನಿಲ್ಲುತ್ತಿಲ್ಲವೇ? ಕಾರಣ ಹುಡುಕಿ ಸರಿಪಡಿಸುವ ಕ್ರಮ, ಹಂತ ಹಂತವಾಗಿ

ಮೈಸೂರು, ಮಂಡ್ಯದಲ್ಲಿ ಕ್ಲಿನಿಕ್ಕು, ಲ್ಯಾಬು, ಸಣ್ಣ ನರ್ಸಿಂಗ್ ಹೋಮು ನಡೆಸುವ ವೈದ್ಯರು ಪದೇ ಪದೇ ಹೇಳುವ ಮಾತಿದು: "ಸಂಬಳ ಏರಿಸಿದೆ, ಹಬ್ಬಕ್ಕೆ ಸೀರೆ ಕೊಟ್ಟೆ. ಆದ್ರೂ ಆರು ತಿಂಗಳಿಗೊಬ್ಬರು ಬಿಟ್ಟು ಹೋಗ್ತಾರೆ. ಇರೋರೂ ಮನಸ್ಸಿಟ್ಟು ಮಾಡಲ್ಲ." ಇವರಿಗೆ ಕಾಳಜಿ ಇಲ್ಲವೆಂದಲ್ಲ, ಖರ್ಚನ್ನೂ ಮಾಡಿದ್ದಾರೆ. ತಪ್ಪಿರುವುದು ಕ್ರಮದಲ್ಲಿ. ಕೆಲಸದ ಹೊರೆ ಎಷ್ಟಿದೆ ಎಂದು ನೋಡುವ ಮೊದಲೇ ಬಹುಮಾನ ಕೊಡುತ್ತಾರೆ. ಹಳೆಯ ದೂರು ಹಾಗೇ ಬಿದ್ದಿರುವಾಗ ಹೊಸದಾಗಿ ಅಭಿಪ್ರಾಯ ಕೇಳುತ್ತಾರೆ. ಕೇಳಿದ ಮೇಲೆ ಏನಾಯಿತೆಂದು ಯಾರಿಗೂ ತಿಳಿಸುವುದಿಲ್ಲ.

ಐದರಿಂದ ಮೂವತ್ತು ಜನ ಕೆಲಸ ಮಾಡುವ ಜಾಗವನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಪೂರ್ತಿ ಮಾಡಲು ಆರೆಂಟು ವಾರ ಹಿಡಿಯುತ್ತದೆ, ಆಮೇಲೆ ಮೂರು ತಿಂಗಳಿಗೊಂದು ಮರುಪರಿಶೀಲನೆ. ದಸರಾ ದಿನಗಳು, ವರಮಹಾಲಕ್ಷ್ಮಿಯಿಂದ ಗೌರಿ-ಗಣೇಶದವರೆಗಿನ ಹಬ್ಬದ ಸಾಲು, ಡೆಂಗಿ ಜ್ವರ ಜೋರಾಗಿರುವ ಮಳೆಗಾಲದ ವಾರಗಳು ಬೇಡ. ಆಗ ಸಿಗುವ ಉತ್ತರ ಆ ವಾರದ ಸುಸ್ತಿನದಾಗಿರುತ್ತದೆ, ವರ್ಷದ್ದಲ್ಲ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಕಳೆದ ಒಂದು ವರ್ಷದ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್, ಓಪಿ (ಹೊರರೋಗಿಗಳ) ಟೋಕನ್ ಪುಸ್ತಕ ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್‌ನ ದಿನದ ಲೆಕ್ಕ, ಒಂದು ನೋಟ್‌ಬುಕ್, ಬೀಗ ಹಾಕಬಹುದಾದ ಒಂದು ಡಬ್ಬ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ಇವೆಲ್ಲ ಸುಲಭವಾಗಿ ಸಿಗುತ್ತವೆ.

ಸುಲಭವಾಗಿ ಸಿಗದ್ದು, ಸಿಬ್ಬಂದಿಯ ಮಾತು ಕೇಳಿ ನಿಮಗೆ ತಲುಪಿಸಲು ಹೊರಗಿನ ಒಬ್ಬ ಮನುಷ್ಯ. ನಿಮ್ಮ ಹೆಂಡತಿಯೋ ಗಂಡನೋ ಆಗಬಾರದು, ಕ್ಲಿನಿಕ್ಕಿನ ಮ್ಯಾನೇಜರ್ ಆಗಬಾರದು, ಸಂಬಳದ ಲೆಕ್ಕ ಬರೆಯುವವರೂ ಆಗಬಾರದು. ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಸಮಾಜಕಾರ್ಯ ವಿಭಾಗದ ಮೇಷ್ಟ್ರು, ಪರಿಚಯದ ಬೇರೆ ಊರಿನ ವೈದ್ಯರು, ಯಾರಾದರೂ ಸರಿ. ಮೈಸೂರಿನಲ್ಲಿ ಇಂಥವರಿಗೆ ಕೊರತೆಯಿಲ್ಲ. ಇವರಿಗೆ ಓಡಾಟದ ಖರ್ಚು, ಗೌರವಧನ ಕೊಡಿ. ಇಲ್ಲಿ ಉಳಿಸಲು ಹೋದರೆ ಮುಂದಿನ ಹಂತಗಳೆಲ್ಲ ದಂಡ.

ಹಂತ 1: ಏನನ್ನು ಬದಲಾಯಿಸಬಲ್ಲಿರಿ ಎಂದು ಮೊದಲು ನೀವೇ ಬರೆಯಿರಿ

ಸಿಬ್ಬಂದಿಯನ್ನು ಏನೂ ಕೇಳುವ ಮೊದಲು ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಈ ವರ್ಷ ತಿಂಗಳಿಗೆ ಇನ್ನೆಷ್ಟು ಹಣ ಹೆಚ್ಚಿಗೆ ಖರ್ಚು ಮಾಡಬಲ್ಲಿರಿ? ಓಪಿ ಸಮಯವನ್ನು ಎಷ್ಟು ಹಿಂದೆ ಮುಂದೆ ಮಾಡಬಲ್ಲಿರಿ? ನಿಮ್ಮ ಸ್ವಂತ ನಡವಳಿಕೆಯಲ್ಲಿ ಏನು ಬದಲಾಯಿಸಲು ತಯಾರಿದ್ದೀರಿ?

ಮೂರನೆಯ ಸಾಲನ್ನು ಖಾಲಿ ಬಿಡುವವರೇ ಹೆಚ್ಚು. ಅದು ಖಾಲಿ ಇದ್ದರೆ ಸದ್ಯಕ್ಕೆ ಈ ಕೆಲಸಕ್ಕೇ ಕೈ ಹಾಕಬೇಡಿ. ಕೇಳಿಸಿಕೊಂಡು ಸುಮ್ಮನಾದರೆ, ಕೇಳದೇ ಇದ್ದಾಗಿನ ಬೇಸರಕ್ಕಿಂತ ದೊಡ್ಡ ಬೇಸರ ಉಳಿಯುತ್ತದೆ.

ಹಂತ 2: ರಿಜಿಸ್ಟರ್‌ಗಳನ್ನು ಓದಿ

ಜನ ಹೇಳುವ ಮೊದಲೇ ಪುಸ್ತಕಗಳು ಬಹಳಷ್ಟು ಹೇಳುತ್ತವೆ. ವರ್ಷದಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. 14 ಜನರಿರುವ ಕಡೆ 5 ಜನ ಹೋಗಿದ್ದರೆ ಶೇ 36. ಆದರೆ ಈ ಅಂಕಿಯನ್ನು ಹಾಗೇ ನಂಬಬೇಡಿ, ಎರಡು ಪಾಲು ಮಾಡಿ. ಮದುವೆಯಾಗಿ ಬೇರೆ ಊರಿಗೆ ಹೋದವರು, ಸರ್ಕಾರಿ ಕೆಲಸ ಸಿಕ್ಕವರು, ಹೊರದೇಶಕ್ಕೆ ಹೋದ ನರ್ಸು, ಇವರು ಒಂದು ಪಾಲು. ಇವರನ್ನು ನೀವು ತಡೆಯಲಾರಿರಿ, ತಡೆಯಲೂಬಾರದು. ನಾಲ್ಕು ರಸ್ತೆ ಆಚೆಯ ಇನ್ನೊಂದು ಕ್ಲಿನಿಕ್ಕಿಗೆ ಹೆಚ್ಚುಕಡಿಮೆ ಅದೇ ಸಂಬಳಕ್ಕೆ ಹೋದವರು ಇನ್ನೊಂದು ಪಾಲು. ನಿಮ್ಮ ಸಮಸ್ಯೆ ಇರುವುದು ಈ ಎರಡನೆಯ ಪಾಲಿನಲ್ಲಿ.

ಆಮೇಲೆ ನೋಡಬೇಕಾದ್ದು: ಸೇರಿ ಮೂರು ತಿಂಗಳೊಳಗೆ ಬಿಟ್ಟವರೆಷ್ಟು, ಒಂದು ವರ್ಷ ಕಳೆದ ಮೇಲೆ ಬಿಟ್ಟವರೆಷ್ಟು? ಬೇಗ ಬಿಟ್ಟರೆ ಸೇರಿಸಿಕೊಳ್ಳುವಾಗ ಹೇಳಿದ್ದಕ್ಕೂ ಇಲ್ಲಿ ಕಂಡದ್ದಕ್ಕೂ ತಾಳೆಯಾಗಿಲ್ಲ. ವರ್ಷಗಟ್ಟಲೆ ಇದ್ದು ಬಿಟ್ಟರೆ ಮುಂದೇನೂ ಕಾಣಲಿಲ್ಲ, ಅಥವಾ ಯಾರೊಂದಿಗೋ ಹೊಂದಲಿಲ್ಲ. ಬಿಡಿ ರಜೆಗಳನ್ನೂ ನೋಡಿ. ಸೋಮವಾರವೇ ಹೊಟ್ಟೆನೋವು, ತಲೆನೋವು ಅಂತ ರಜೆ ಹಾಕುವವರು ಒಬ್ಬರಾದರೆ ಅದು ಅವರ ವಿಷಯ, ನಾಲ್ವರಾದರೆ ನಿಮ್ಮ ಸೋಮವಾರದ ಓಪಿಯ ವಿಷಯ.

ಇದೇ ಹಂತದಲ್ಲಿ ಕೆಲಸದ ಗುಣಮಟ್ಟವನ್ನೂ ಅಳೆದು ಬರೆದಿಟ್ಟುಕೊಳ್ಳಿ. ತೃಪ್ತಿ ಬೇರೆ, ಕೆಲಸ ಬೇರೆ. 2001ರಲ್ಲಿ ಪ್ರಕಟವಾದ, ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪ್ರಸಿದ್ಧ ವಿಶ್ಲೇಷಣೆಯಲ್ಲಿ ಇವೆರಡರ ನಡುವಿನ ಸಹಸಂಬಂಧ ಸುಮಾರು 0.30 ಬಂತು (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ). ಸಂಬಂಧ ಇರುವುದು ನಿಜ, ಆದರೆ ಖುಷಿಯಾಗಿದ್ದರೆ ಕೆಲಸ ತಾನಾಗಿ ಸರಿಹೋಗುತ್ತದೆ ಎನ್ನುವಷ್ಟು ಗಟ್ಟಿ ಸಂಬಂಧವಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಟೋಕನ್ ಕೊಟ್ಟಲ್ಲಿಂದ ಡಾಕ್ಟರ ಕೋಣೆಯೊಳಗೆ ಹೋಗುವವರೆಗೆ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಬಿಲ್ ತಿದ್ದಬೇಕಾಯಿತು, ಎಷ್ಟು ರಕ್ತದ ಸ್ಯಾಂಪಲ್ ಎರಡನೇ ಸಲ ತೆಗೆಯಬೇಕಾಯಿತು, ಎಷ್ಟು ರಿಪೋರ್ಟ್ ಹೇಳಿದ ಹೊತ್ತಿಗೆ ಸಿಗಲಿಲ್ಲ. ಎರಡು ವಾರ ಬರೆದರೆ ಸಾಕು. ಯಾರ ಹೆಸರೂ ಬೇಡ, ಕ್ಲಿನಿಕ್ಕಿನ ಒಟ್ಟು ಲೆಕ್ಕ ಮಾತ್ರ. ಹೆಸರು ಬರೆದ ದಿನದಿಂದಲೇ ತಪ್ಪುಗಳನ್ನು ಬಚ್ಚಿಡಲು ಶುರು ಮಾಡುತ್ತಾರೆ.

ಇದನ್ನು ಬಿಟ್ಟುಬಿಡುವುದೇ ಅತಿ ಸಾಮಾನ್ಯ ತಪ್ಪು. ಮೊದಲು ಎಲ್ಲಿದ್ದಿರಿ ಎಂದು ಬರೆದಿಡದಿದ್ದರೆ ಆಮೇಲೆ ಏನು ಸುಧಾರಿಸಿತು ಎಂದು ಹೇಳಲು ಆಧಾರವೇ ಇರುವುದಿಲ್ಲ.

ಹಂತ 3: ಒಂದು ವಾರ ಕೂತು ನೋಡಿ

ವೈದ್ಯರು ತಮ್ಮ ಕೋಣೆಯ ಬಾಗಿಲ ಹೊರಗೆ ಏನು ನಡೆಯುತ್ತದೆಂದು ನೋಡಿರುವುದು ಅಪರೂಪ. ಹೊರಗಿನ ಆ ವ್ಯಕ್ತಿಯನ್ನು ಸಂಜೆ ಓಪಿ ಹೊತ್ತಿನಲ್ಲಿ ಮೂಲೆಯ ಕುರ್ಚಿಯಲ್ಲಿ ಕೂರಿಸಿ. ಯಾಕೆ ಬಂದಿದ್ದಾರೆಂದು ಸಿಬ್ಬಂದಿಗೆ ಮೊದಲೇ ಹೇಳಿರಿ. ಕದ್ದು ನೋಡಿದರೆ ಅದು ಪತ್ತೇದಾರಿಕೆಯಾಗುತ್ತದೆ.

ಸರಸ್ವತಿಪುರಂ ಕಡೆಯ ಯಾವುದೇ ಜನ ಬರುವ ಕ್ಲಿನಿಕ್ಕಿನ ಸಂಜೆ ಆರೂಮುಕ್ಕಾಲನ್ನು ತೆಗೆದುಕೊಳ್ಳಿ. ಟೇಬಲ್ಲಿನ ಹಿಂದೆ ಒಬ್ಬಳೇ ಹುಡುಗಿ. ಟೋಕನ್ ಬರೆಯುತ್ತಿದ್ದಾಳೆ, ಲ್ಯಾಂಡ್‌ಲೈನು ಹೊಡೆದುಕೊಳ್ಳುತ್ತಿದೆ, ಒಬ್ಬರು ಫೋನ್‌ಪೇ ಆಯಿತಾ ಎಂದು ಮೊಬೈಲು ಮುಖಕ್ಕೆ ಹಿಡಿದಿದ್ದಾರೆ, ಹುಣಸೂರಿನಿಂದ ಬಂದ ಅಜ್ಜ "ನಂದು ಯಾವಾಗವ್ವ, ಬಸ್ಸು ಹೊಂಟೋಯ್ತದೆ" ಅನ್ನುತ್ತಿದ್ದಾರೆ. ಒಳಗಿಂದ ಬೆಲ್ಲು. ಎದ್ದು ಹೋಗುತ್ತಾಳೆ. ಹಳೇ ಫೈಲು ಹುಡುಕಬೇಕು, ಫೈಲು ಲ್ಯಾಬಿನಲ್ಲಿದೆ. ತಿರುಗಿ ಬರುವಷ್ಟರಲ್ಲಿ ಇಬ್ಬರು ಸಾಲು ಮುರಿದಿದ್ದಾರೆ, ಜಗಳ. ಎಂಟು ಗಂಟೆಯವರೆಗೆ ನೀರು ಕುಡಿದಿಲ್ಲ, ಬಾತ್‌ರೂಮಿಗೆ ಹೋಗಿಲ್ಲ. ಒಂದು ಬಿಲ್ಲಿನಲ್ಲಿ ನೂರು ರೂಪಾಯಿ ತಪ್ಪಾಗಿದೆ. ರಾತ್ರಿ ಅವಳಿಗೆ ಕೇಳಿಸುವುದು ಆ ನೂರು ರೂಪಾಯಿಯ ಮಾತೊಂದೇ.

ನೋಡುವವರು ಬರೆದುಕೊಳ್ಳಬೇಕಾದ್ದು ಮೂರು. ಒಬ್ಬರು ಒಂದು ಗಂಟೆಯಲ್ಲಿ ಎಷ್ಟು ಸಲ ಮಾಡುವ ಕೆಲಸ ಬಿಟ್ಟು ಏಳಬೇಕಾಯಿತು? ಒಂದೇ ವಿಷಯಕ್ಕೆ ಎಷ್ಟು ಜನ ಅಪ್ಪಣೆ ಕೊಡುತ್ತಾರೆ? ದೊಡ್ಡ ಡಾಕ್ಟರ್, ಚಿಕ್ಕ ಡಾಕ್ಟರ್, ಮೇಡಂ, ಮ್ಯಾನೇಜರ್ ನಾಲ್ವರೂ ಹೇಳುವ ಕಡೆ ಸಿಸ್ಟರ್ ಯಾರ ಮಾತು ಕೇಳಿದರೂ ಮೂವರಿಗೆ ತಪ್ಪಾಗುತ್ತದೆ. ಕೊನೆಯದಾಗಿ, ರೋಗಿಗಳ ಕಡೆಯವರು ಕೂಗಾಡಿದಾಗ ಪಕ್ಕಕ್ಕೆ ಯಾರು ಬಂದು ನಿಲ್ಲುತ್ತಾರೆ?

ಇದೇ ವಾರದಲ್ಲಿ ಯಾರು ಎಲ್ಲಿಂದ ಬರುತ್ತಾರೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನೂ ಮಾಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಭಾರ ಇಳಿದಿದೆ, ಆದರೆ ಹೊತ್ತಿನ ಭಾರ ಹಾಗೇ ಇದೆ. ಮಂಡ್ಯ ನೂರಡಿ ರಸ್ತೆಯ ಕ್ಲಿನಿಕ್ಕಿಗೆ ಬಸರಾಳು, ಕೆರಗೋಡು, ಕೊತ್ತತ್ತಿ ಕಡೆಯಿಂದ ಬರುವವರಿಗೆ, ಮೈಸೂರಿಗೆ ನಂಜನಗೂಡು, ಪಾಂಡವಪುರ, ಬನ್ನೂರಿನಿಂದ ಬರುವವರಿಗೆ ರಾತ್ರಿ ಒಂಬತ್ತಕ್ಕೂ ಒಂಬತ್ತೂವರೆಗೂ ಇರುವ ವ್ಯತ್ಯಾಸ ಅರ್ಧ ಗಂಟೆಯದಲ್ಲ. ಬಸ್ಸು ತಪ್ಪಿದರೆ ಅಪ್ಪನೋ ಅಣ್ಣನೋ ಬೈಕ್ ತರಬೇಕು. ಎರಡು ಸಲ ಹಾಗಾದರೆ "ಕೆಲಸ ಬಿಡು" ಅನ್ನುವ ಮಾತು ಮನೆಯಿಂದಲೇ ಬರುತ್ತದೆ. ಬಿಟ್ಟವರು ನಿಮಗೆ ಹೇಳುವ ಕಾರಣ "ಮನೇಲಿ ಕಷ್ಟ ಮೇಡಂ" ಅಂತ ಇರುತ್ತದೆ.

ಹಂತ 4: ಪ್ರಶ್ನೆಪತ್ರ ತಯಾರಿಸಿ

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭಾಷೆ ಕನ್ನಡವೇ ಇರಲಿ, ಮಾತಾಡುವ ಕನ್ನಡ. ಗೂಗಲ್ ಫಾರ್ಮ್ ಬೇಡ. ಸಣ್ಣ ಕಡೆ ಯಾರೂ ಅದನ್ನು ಗುಟ್ಟೆಂದು ನಂಬುವುದಿಲ್ಲ, "ನನ್ನ ನಂಬರಿಂದ ಗೊತ್ತಾಗ್ತದೆ" ಎಂಬ ಅನುಮಾನ ಹೋಗುವುದಿಲ್ಲ. ಜೆರಾಕ್ಸ್ ಹಾಳೆಯೇ ಒಳ್ಳೆಯದು. ಬರೆಯುವ ಜಾಗ ಇಡಬೇಡಿ, ಗುರುತು ಹಾಕುವುದು ಮಾತ್ರ. ಹತ್ತು ಜನರಲ್ಲಿ ಕೈಬರಹ ಯಾರದೆಂದು ಎಲ್ಲರಿಗೂ ಗೊತ್ತು.

ಹುದ್ದೆ, ವಯಸ್ಸು, ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಲೇಬೇಡಿ. ನಿಮ್ಮಲ್ಲಿ ಲ್ಯಾಬ್ ಟೆಕ್ನೀಷಿಯನ್ ಒಬ್ಬರೇ ಇದ್ದರೆ "ಹುದ್ದೆ: ಲ್ಯಾಬ್" ಎಂದು ಬರೆಸುವುದೂ ಹೆಸರು ಬರೆಸುವುದೂ ಒಂದೇ. ವಿಭಾಗವಾರು ತಿಳಿಯಲೇಬೇಕು ಅನ್ನಿಸಿದರೆ ಪ್ರತಿ ಗುಂಪಿನಲ್ಲೂ ಕನಿಷ್ಠ ಐದು ಜನರಿರಬೇಕು.

ಉತ್ತರಕ್ಕೆ ನಾಲ್ಕೇ ಮನೆ: ಹೌದು, ಹೆಚ್ಚುಕಡಿಮೆ ಹೌದು, ಅಷ್ಟಾಗಿ ಇಲ್ಲ, ಇಲ್ಲ. ನಡುವೆ "ಗೊತ್ತಿಲ್ಲ" ಇಟ್ಟರೆ ಹೆದರಿದವರೆಲ್ಲ ಅಲ್ಲೇ ಹೋಗಿ ಕೂರುತ್ತಾರೆ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ. "ಸಂಬಳ ಮತ್ತು ರಜೆ ನಿಮಗೆ ತೃಪ್ತಿಕರವಾಗಿದೆಯೇ?" ಎಂದು ಕೇಳಿದರೆ ಸಂಬಳ ಸರಿಯಿದ್ದು ರಜೆ ಸಿಗದವರು ಎಲ್ಲಿ ಗುರುತು ಹಾಕಬೇಕು? "ಡಾಕ್ಟರು ಒಳ್ಳೆಯವರೇ?" ಎಂದೂ ಕೇಳಬೇಡಿ. ಅದಕ್ಕೆ ಒಂದೇ ಉತ್ತರ ಬರುತ್ತದೆ. ಗುಣ ಕೇಳಬೇಡಿ, ನಡೆದದ್ದನ್ನು ಕೇಳಿ. ಹೀಗೆ:

1. ಸಂಬಳ ಪ್ರತಿ ತಿಂಗಳು ಹೇಳಿದ ತಾರೀಕಿಗೆ ಕೈಸೇರುತ್ತದೆ.
2. ನನ್ನಷ್ಟೇ ಕೆಲಸ ಮಾಡುವವರಿಗೂ ನನಗೂ ಸಂಬಳದಲ್ಲಿ ಅನ್ಯಾಯದ ವ್ಯತ್ಯಾಸ ಇಲ್ಲ.
3. ವಾರದ ರಜೆ ತಪ್ಪದೆ ಸಿಗುತ್ತದೆ.
4. ಮನೆಯಲ್ಲಿ ಕಷ್ಟ ಬಂದಾಗ ಹೆದರದೆ ರಜೆ ಕೇಳಬಲ್ಲೆ.
5. ಡ್ಯೂಟಿ ಮುಗಿದ ಹೊತ್ತಿಗೆ ನಾನು ಹೊರಡಬಹುದು.
6. ಕೂತು ಊಟ ಮಾಡಲು ಹೊತ್ತು ಸಿಗುತ್ತದೆ.
7. ನನ್ನ ಕೆಲಸ ಯಾವುದು, ಯಾವುದಲ್ಲ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತು.
8. ತಪ್ಪಾದಾಗ ರೋಗಿಗಳ ಎದುರು ಬೈಸಿಕೊಳ್ಳಬೇಕಾಗಿಲ್ಲ.
9. ರೋಗಿಯ ಕಡೆಯವರು ಗಲಾಟೆ ಮಾಡಿದರೆ ಕ್ಲಿನಿಕ್ಕು ನನ್ನ ಪರ ನಿಲ್ಲುತ್ತದೆ.
10. ಗ್ಲೌಸು, ಮಾಸ್ಕು, ಸೂಜಿ ಹಾಕುವ ಡಬ್ಬ ಬೇಕಾದಾಗ ಇರುತ್ತದೆ.
11. ಕಳೆದ ಆರು ತಿಂಗಳಲ್ಲಿ ಹೊಸದೇನಾದರೂ ಕಲಿತೆ.
12. ಜೊತೆಯವರು ಕಷ್ಟಕ್ಕೆ ಕೈ ಜೋಡಿಸುತ್ತಾರೆ.
13. ಮುಂದಿನ ವರ್ಷವೂ ಇಲ್ಲೇ ಇರಬೇಕೆಂದು ಅನ್ನಿಸುತ್ತದೆ.

ಇದಕ್ಕಿಂತ ಉದ್ದ ಬೇಡ. ಓದಲು ಬಾರದ ಆಯಾಗಳಿಗೆ ಹೊರಗಿನ ವ್ಯಕ್ತಿ ಓದಿ ಹೇಳಲಿ, ಗುರುತು ಅವರೇ ಹಾಕಲಿ. "ಅವರದು ನಾನು ತುಂಬಿಸ್ತೀನಿ ಸರ್" ಎಂದು ಸಿಸ್ಟರ್ ಮುಂದೆ ಬಂದರೆ ಬೇಡವೆನ್ನಿ.

ಹಾಳೆ ತುಂಬಿಸುವುದು ಡ್ಯೂಟಿ ಹೊತ್ತಿನಲ್ಲೇ ಆಗಲಿ, ನೀವು ಕಟ್ಟಡದಲ್ಲಿ ಇಲ್ಲದ ಹೊತ್ತಿನಲ್ಲಿ ಆಗಲಿ. ಡಬ್ಬದ ಬೀಗದ ಕೈ ಹೊರಗಿನವರ ಹತ್ತಿರ ಇರಲಿ. ಲೆಕ್ಕ ಹಾಕಿದ ಮೇಲೆ ಹಾಳೆಗಳನ್ನು ಅವರೇ ಹರಿದುಹಾಕುತ್ತಾರೆಂದು ಮೊದಲೇ ಎಲ್ಲರಿಗೂ ಹೇಳಿ.

ಹಂತ 5: ಒಬ್ಬೊಬ್ಬರ ಜೊತೆ ಮಾತು

ಹಾಳೆ ಎಲ್ಲಿ ನೋವಿದೆ ಎಂದು ತೋರಿಸುತ್ತದೆ, ಯಾಕೆಂದು ಹೇಳುವುದಿಲ್ಲ. ಹೊರಗಿನವರು ಪ್ರತಿಯೊಬ್ಬರ ಜೊತೆ ಇಪ್ಪತ್ತು ನಿಮಿಷ ಕೂರಲಿ, ಕ್ಲಿನಿಕ್ಕಿನ ಒಳಗಲ್ಲ. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಆದರೂ ಸರಿ.

ಮೊದಲ ಉತ್ತರ ಯಾವಾಗಲೂ "ಎಲ್ಲಾ ಚೆಂದಾಗದೆ ಸಾ" ಅಂತಲೇ. ಅದನ್ನು ಬರೆದುಕೊಂಡು ಏಳಬೇಡಿ. "ನಾಳೆ ಬೆಳಿಗ್ಗೆ ಒಂದೇ ಒಂದು ವಿಷಯ ಬದಲಾಯಿಸಬಹುದು ಅಂದ್ರೆ ಏನು ಬದಲಾಯಿಸ್ತೀರಕ್ಕ?" ಎಂದು ಕೇಳಿ, ಸುಮ್ಮನೆ ಕಾಯಿರಿ. "ಬಟ್ಟೆ ಬದ್ಲಾಯಿಸ್ಕೊಳಾಕೆ ಒಂದ್ ಜಾಗ ಇಲ್ಲ ಸಾ, ಸ್ಟೋರ್ ರೂಮಲ್ಲಿ ಬಾಗ್ಲು ಹಾಕ್ದೆ ನಿಂತ್ಕೋಬೇಕು" ಎಂಬಂಥ ಮಾತು ಆಗ ಬರುತ್ತದೆ. ಒಂದು ಬೋಲ್ಟು, ಒಂದು ಪರದೆ, ಒಂದು ಮೊಳೆಯ ಕೆಲಸ. ವರ್ಷಗಟ್ಟಲೆ ಅದನ್ನು ಹೇಳಲು ಆಗದೆ ಇದ್ದದ್ದೇ ದೊಡ್ಡ ಸಮಸ್ಯೆ.

ಹೊರಗಿನವರು ನಿಮಗೆ ತಂದು ಕೊಡಬೇಕಾದ್ದು ವಿಷಯಗಳನ್ನು, ಹೆಸರುಗಳನ್ನಲ್ಲ. "ಯಾರು ಹೇಳಿದ್ದು?" ಎಂಬ ಪ್ರಶ್ನೆ ನಿಮ್ಮ ಬಾಯಿಂದ ಒಂದೇ ಒಂದು ಸಲ ಬಂದರೂ ಸುದ್ದಿ ಸಂಜೆಯೊಳಗೆ ಎಲ್ಲರಿಗೂ ತಲುಪುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು.

ಒಂದಕ್ಕೆ ಮಾತ್ರ ಬೇರೆ ದಾರಿ. ಲೈಂಗಿಕ ಕಿರುಕುಳದ ಮಾತು ಬಂದರೆ ಅದು ಸಮೀಕ್ಷೆಯ ವಿಷಯವಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆ ಮಾಹಿತಿ ಹೊರಗಿನವರ ಕೈಯಲ್ಲಿ ಮೊದಲೇ ಇರಲಿ.

ಹಂತ 6: ಉತ್ತರಗಳನ್ನು ಓದುವ ರೀತಿ

ಸರಾಸರಿ ಹಾಕಬೇಡಿ. 14 ಹಾಳೆಗೆ ಸರಾಸರಿಯೂ ಶೇಕಡಾವೂ ಅರ್ಥ ಕೊಡುವುದಿಲ್ಲ. "ವಾರದ ರಜೆ ಸಿಗುತ್ತದೆ ಎಂಬುದಕ್ಕೆ 14ರಲ್ಲಿ 9 ಜನ ಇಲ್ಲವೆಂದರು" ಎಂದು ಬರೆಯಿರಿ. 7 ಜನ ಗಟ್ಟಿಯಾಗಿ ಹೌದು, 7 ಜನ ಗಟ್ಟಿಯಾಗಿ ಇಲ್ಲ ಎಂದರೆ ನಿಮ್ಮಲ್ಲಿ ಎರಡು ಕ್ಲಿನಿಕ್ಕುಗಳಿವೆ. ಹಗಲು ಡ್ಯೂಟಿಯವರದು ಒಂದು, ನೈಟ್‌ನವರದು ಇನ್ನೊಂದು, ಅಥವಾ ಹಳಬರದೊಂದು ಹೊಸಬರದೊಂದು. ಸರಾಸರಿ ತೆಗೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಬಂದದ್ದನ್ನು ಎರಡು ಗುಂಪು ಮಾಡಿ. 1959ರಲ್ಲಿ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟ ವಿಂಗಡಣೆ ಇದು. ಅದರ ಬಗ್ಗೆ ವಾದಗಳಿವೆ, ಆದರೂ ಸಣ್ಣ ಕ್ಲಿನಿಕ್ಕಿಗೆ ಕೆಲಸಕ್ಕೆ ಬರುತ್ತದೆ. ಸಂಬಳ, ಹೊತ್ತು, ರಜೆ, ಮೇಲಿನವರ ನಡವಳಿಕೆ, ಸುರಕ್ಷತೆ ಒಂದು ಗುಂಪು. ಇವು ಕೆಟ್ಟರೆ ಜನ ಬೇಸರಗೊಂಡು ಬಿಡುತ್ತಾರೆ, ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಉಕ್ಕುವುದಿಲ್ಲ. ಕಲಿಕೆ, ಮೆಚ್ಚುಗೆ, ಜವಾಬ್ದಾರಿ, ತನ್ನ ಕೆಲಸದಿಂದ ಒಬ್ಬರಿಗೆ ವಾಸಿಯಾಯಿತೆಂಬ ಸಮಾಧಾನ ಇನ್ನೊಂದು ಗುಂಪು. ಕೆಲಸದಲ್ಲಿ ಜೀವ ತುಂಬುವುದು ಇವು. ಮೊದಲ ಗುಂಪು ಕೆಟ್ಟಿರುವಾಗ ಎರಡನೆಯದರ ಮೇಲೆ ಮಾಡುವ ಖರ್ಚು ನಿಲ್ಲುವುದಿಲ್ಲ. ಸಂಬಳ 15ನೇ ತಾರೀಕಿಗೆ ಕೊಡುತ್ತಾ "ತಿಂಗಳ ಉತ್ತಮ ನೌಕರ" ಎಂದು ಗೋಡೆಗೆ ಫೋಟೊ ಹಾಕಿದರೆ, ಫೋಟೊದಲ್ಲಿರುವವರಿಗೇ ಅದು ನೋವು ಕೊಡುತ್ತದೆ.

ಹಂತ 7: ತಿದ್ದುವ ಕೆಲಸ, ಇದೇ ಅನುಕ್ರಮದಲ್ಲಿ

*ಮೊದಲು ಕಾನೂನಿನ ಬಾಕಿ.* ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಕನಿಷ್ಠ ವೇತನಕ್ಕೆ ಸೇರಿದ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ನಿಮ್ಮ ಊರಿನ ವಲಯದ ದರವನ್ನು ಪ್ರತಿ ವರ್ಷ ನೋಡಿಕೊಳ್ಳಿ. ಹತ್ತು ಜನ ಅಥವಾ ಹೆಚ್ಚು ಇದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ). ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯ, ನೌಕರರ ಪಾಲು ಶೇ 0.75, ನಿಮ್ಮ ಪಾಲು ಶೇ 3.25. ಇಪ್ಪತ್ತು ಜನರಾದರೆ ಪಿಎಫ್. ಇವನ್ನು ಉಪಕಾರವೆಂಬಂತೆ ಹೇಳಿಕೊಳ್ಳಬೇಡಿ. ಇನ್ನೊಂದು ಮಾತು: ನರ್ಸುಗಳ, ಟೆಕ್ನೀಷಿಯನ್‌ಗಳ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೊಡಿ. ಹಾಗೆ ಹಿಡಿದಿಟ್ಟವರು ದೇಹವನ್ನು ಹಿಡಿದಿಡಬಹುದು, ಕೆಲಸ ಮಾಡುವ ಮನಸ್ಸನ್ನಲ್ಲ.

*ಎರಡನೆಯದು ಜೀವದ ಸುರಕ್ಷತೆ.* ಸೂಜಿ ಮುಟ್ಟುವ, ಕಸ ಎತ್ತುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಲಸಿಕೆ, ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಆಯಾಗಳನ್ನು ಬಿಟ್ಟುಬಿಡುವುದು ಬಹಳ ಕಡೆ ನಡೆಯುವ ತಪ್ಪು, ವೈದ್ಯಕೀಯ ಕಸದ ಕೆಂಪು ಹಳದಿ ಚೀಲ ಕಟ್ಟುವವರು ಅವರೇ. ಸೂಜಿ ಚುಚ್ಚಿಕೊಂಡರೆ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಬೇಕು. ಎಚ್‌ಐವಿ ತಡೆ ಔಷಧಿ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಮೀರಬಾರದು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಎಲ್ಲಿ ಯಾರನ್ನು ಕೇಳಬೇಕೆಂದು ಮೊದಲೇ ವಿಚಾರಿಸಿ ಗೋಡೆಗೆ ಅಂಟಿಸಿ. ಚುಚ್ಚಿಕೊಂಡದ್ದಕ್ಕೆ ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಗಲಾಟೆ ಮಾಡುವವರ ವಿಷಯದಲ್ಲಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ 2009ರ ರಾಜ್ಯದ ಕಾಯ್ದೆ ಇದೆ. ಅದು ವೈದ್ಯರಿಗಷ್ಟೇ ಅಲ್ಲ. ಕೌಂಟರಿನ ಮುಂದೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿ, ಕೂಗು ಕೇಳಿದ ಕೂಡಲೇ ಒಳಗಿಂದ ಯಾರು ಎದ್ದು ಬರಬೇಕೆಂದು ಹೆಸರಿಟ್ಟು ತೀರ್ಮಾನಿಸಿ.

*ಮೂರನೆಯದು ಹೊತ್ತು ಮತ್ತು ಹೊರೆ.* ಡ್ಯೂಟಿ ಪಟ್ಟಿ ಕನಿಷ್ಠ ಎರಡು ವಾರ ಮುಂಚೆ ಗೋಡೆಯ ಮೇಲಿರಲಿ. ಬಸ್ಸಿನ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಅದನ್ನು ಮಾಡಿ. ರಾತ್ರಿ ತಡವಾದರೆ ಆಟೋ ಖರ್ಚು ಯಾರದೆಂದು ಬರೆದಿಡಿ. ಸಂಜೆ ಓಪಿಗೆ ಕೌಂಟರಿನಲ್ಲಿ ಎರಡನೆಯವರು ಬೇಕು. ಪೂರ್ತಿ ದಿನಕ್ಕೆ ಬೇಡ, ಆರರಿಂದ ಒಂಬತ್ತರವರೆಗೆ ಸಾಕು. ಊರಹಬ್ಬ, ಮಾರಿಹಬ್ಬ, ಮನೆದೇವರ ಜಾತ್ರೆಗೆ ಯಾರಿಗೆ ಯಾವಾಗ ರಜೆ ಬೇಕೆಂದು ವರ್ಷದ ಶುರುವಿನಲ್ಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇರೆ ಬೇರೆ ಹಳ್ಳಿಯ ಹಬ್ಬ ಬೇರೆ ಬೇರೆ ದಿನ ಬರುವುದರಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಹುದು.

*ನಾಲ್ಕನೆಯದು ನಿಮ್ಮ ಮಾತು.* ರೋಗಿಗಳ ಎದುರು ಬೈಯುವುದನ್ನು ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಇದೇ ಅತಿ ಕಷ್ಟದ್ದು. ತಪ್ಪನ್ನು ಓಪಿ ಮುಗಿದ ಮೇಲೆ, ಒಬ್ಬರನ್ನೇ ಕರೆದು, ಏನಾಯಿತೆಂದು ಮೊದಲು ಕೇಳಿ ಆಮೇಲೆ ಹೇಳಿ. ಆಯಾಗಳನ್ನು, ವಾಚ್‌ಮನ್‌ರನ್ನು ಹೆಸರಿಟ್ಟು ಕರೆಯಿರಿ, ವಯಸ್ಸಾದವರಾದರೆ ಹೆಸರಿನ ಜೊತೆ ಅಮ್ಮ, ಅಣ್ಣ ಸೇರಲಿ. "ಏಯ್, ಬಾ ಇಲ್ಲಿ" ಬೇಡ. ಅಪ್ಪಣೆ ಕೊಡುವವರು ಒಬ್ಬರೇ ಇರಲಿ. ಮೇಡಂ ಹೇಳಬೇಕಾದ್ದಿದ್ದರೆ ಆ ಒಬ್ಬರ ಮೂಲಕವೇ ಹೇಳಲಿ.

*ಕೊನೆಗೆ ಕಲಿಕೆ ಮತ್ತು ಜವಾಬ್ದಾರಿ.* ಇಸಿಜಿ ತೆಗೆಯುವುದು, ಔಷಧಿ ಸ್ಟಾಕು ನೋಡುವುದು, ಸಕ್ಕರೆ ಕಾಯಿಲೆಯವರಿಗೆ ಕಾಲಿನ ಆರೈಕೆ ಹೇಳಿಕೊಡುವುದು, ಹೀಗೆ ಒಬ್ಬೊಬ್ಬರಿಗೂ ಅವರ ವಿದ್ಯೆಗೆ ಒಪ್ಪುವ ಒಂದು ಕೆಲಸ ಅವರದೇ ಆಗಿರಲಿ. ಅದರಲ್ಲಿ ಸಣ್ಣ ತೀರ್ಮಾನಗಳನ್ನು ಅವರೇ ಮಾಡಲಿ. ಹೊಸ ಜವಾಬ್ದಾರಿಯ ಜೊತೆ ಸಂಬಳವೂ ಒಂದಿಷ್ಟು ಏರಬೇಕು, ಇಲ್ಲವಾದರೆ ಅದನ್ನು ಹೊರೆಯೆಂದೇ ಎಣಿಸುತ್ತಾರೆ. ಅದು ಸರಿಯೇ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಶುರು ಮಾಡಬೇಡಿ. ಕಾನೂನು ಮತ್ತು ಸುರಕ್ಷತೆಗೆ ಕಾಯುವಂತಿಲ್ಲ, ಉಳಿದವನ್ನು ಒಂದೊಂದಾಗಿ ಮಾಡಿ.

ಹಂತ 8: ಏನು ಕೇಳಿಸಿತು, ಏನು ಮಾಡುತ್ತೀರಿ ಎಂದು ವಾಪಸ್ ಹೇಳಿ

ಹಾಳೆ ತುಂಬಿದ ಮೂರು ವಾರದೊಳಗೆ ಎಲ್ಲರನ್ನೂ ಸೇರಿಸಿ. ಮೂರೇ ಮಾತು: ನೀವು ಹೇಳಿದ್ದರಲ್ಲಿ ಇವು ಮುಖ್ಯವಾಗಿ ಕಂಡವು; ಇವನ್ನು ಇಂಥ ತಾರೀಕಿನೊಳಗೆ ಮಾಡುತ್ತೇನೆ; ಇದನ್ನು ಮಾಡಲಾಗುವುದಿಲ್ಲ, ಕಾರಣ ಇದು. ಮೂರನೆಯದನ್ನು ನುಂಗಬೇಡಿ. "ಈ ವರ್ಷ ಸಂಬಳ ಇನ್ನೂ ಏರಿಸಲು ಆಗುವುದಿಲ್ಲ" ಎಂದು ನೇರವಾಗಿ ಹೇಳಿದರೆ ಜನ ಒಪ್ಪುತ್ತಾರೆ. "ನೋಡೋಣ" ಎಂದರೆ ಒಪ್ಪುವುದಿಲ್ಲ. ಅದೇ ವಾರ ಕಣ್ಣಿಗೆ ಕಾಣುವ ಒಂದಾದರೂ ಕೆಲಸ ಆಗಿರಬೇಕು. ಆ ಸ್ಟೋರ್ ರೂಮಿನ ಬೋಲ್ಟಿನಿಂದ ಶುರು ಮಾಡಬಹುದು.

ಎಚ್ಚರಿಕೆಯ ಸೂಚನೆಗಳು

ಹಾಳೆಗಳಲ್ಲೆಲ್ಲ "ಹೌದು, ಹೌದು" ಎಂದೇ ಇದ್ದರೆ ಖುಷಿಪಡಬೇಡಿ. ಯಾರೋ ಹೆದರಿಸಿದ್ದಾರೆ, ಅಥವಾ ನಂಬಿಕೆ ಇಲ್ಲ. 13ನೇ ಪ್ರಶ್ನೆಗೆ ಮಾತ್ರ "ಇಲ್ಲ" ಎಂದು ಬಂದು ಉಳಿದದ್ದೆಲ್ಲ ಚೆನ್ನಾಗಿದ್ದರೂ ಇದೇ ಅರ್ಥ.

ಮೊದಲು ಜಗಳವಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಗಮನಿಸಿ. ದೂರು ಹೇಳುವವರು ಇನ್ನೂ ಇಲ್ಲಿ ಇರಬೇಕೆಂದು ಬಯಸುವವರು.

ಒಳ್ಳೆಯ ಸಿಸ್ಟರ್ ಒಬ್ಬರು ರೋಗಿಗಳನ್ನು "ಆ ಬಿಪಿ ಕೇಸು, ಈ ಶುಗರ್ ಕೇಸು" ಎಂದು ಸಿಡುಕಿನಿಂದ ಕರೆಯತೊಡಗಿದರೆ, ಯಾವಾಗಲೂ ದಣಿದಂತಿದ್ದರೆ, "ನಾನು ಮಾಡಿ ಏನುಪಯೋಗ" ಎಂದರೆ, ಅದು ಸೊಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಉಂಟಾಗುವ ಬಳಲಿಕೆಗೆ ಹೇಳಿದ ಮೂರು ಲಕ್ಷಣಗಳು ಇವೇ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಆಗದೆಂಬ ಭಾವ. ಮೆಮೊ ಕೊಡಬೇಡಿ. ಅವರ ನೈಟ್ ಡ್ಯೂಟಿಗಳನ್ನು ಎಣಿಸಿ.

ತೃಪ್ತಿಯ ಉತ್ತರಗಳು ಮೇಲೇರಿ ಕಾಯುವ ನಿಮಿಷ, ಬಿಲ್ ತಪ್ಪು ಹಾಗೇ ಇದ್ದರೆ ಜನರಲ್ಲಿ ದೋಷ ಹುಡುಕಬೇಡಿ. ಫೈಲು ಇಡುವ ಪದ್ಧತಿ, ಟೋಕನ್ ಕೊಡುವ ರೀತಿ, ನೀವು ಓಪಿಗೆ ಬರುವ ಹೊತ್ತು ನೋಡಿ. ಆರಕ್ಕೆ ಅಂತ ಹೇಳಿ ಆರೂಮುಕ್ಕಾಲಿಗೆ ಬರುವ ಡಾಕ್ಟರಿದ್ದರೆ ಕೌಂಟರಿನ ಹುಡುಗಿ ಎಷ್ಟೇ ಚುರುಕಾದರೂ ಕಾಯುವ ಹೊತ್ತು ಇಳಿಯದು.

ಹಂತ 9: ಮೂರು ತಿಂಗಳ ಮೇಲೆ ಮತ್ತೆ

ಅದೇ ಹದಿಮೂರು ಪ್ರಶ್ನೆ, ಅದೇ ಪದಗಳು, ಅದೇ ಹೊರಗಿನ ವ್ಯಕ್ತಿ. ಪ್ರಶ್ನೆಯ ಪದ ಬದಲಾಯಿಸಿದರೆ ಹೋಲಿಸಲು ಬರುವುದಿಲ್ಲ. ಹಂತ 2ರಲ್ಲಿ ಬರೆದ ಕೆಲಸದ ಲೆಕ್ಕವನ್ನೂ ಮತ್ತೆ ಎರಡು ವಾರ ಬರೆಯಿರಿ. ಈ ಸಲ ಕೆಲವು ಉತ್ತರಗಳು ಮೊದಲಿಗಿಂತ ಕೆಟ್ಟದಾಗಿ ಬರಬಹುದು. ಮೊದಲ ಸಲ ಹೆದರಿ "ಹೌದು" ಎಂದವರು ಈಗ ನಿಜ ಹೇಳುತ್ತಿರುತ್ತಾರೆ. ಬಿಟ್ಟು ಹೋಗುವವರ ಸಂಖ್ಯೆ, ಸೋಮವಾರದ ರಜೆಗಳು ಇಳಿದಿವೆಯೇ ಎಂದು ಅದರ ಪಕ್ಕದಲ್ಲಿಟ್ಟು ನೋಡಿ.

ಈ ನಡುವೆ ಯಾರಾದರೂ ಬಿಟ್ಟು ಹೋದರೆ ಕೊನೆಯ ತಿಂಗಳ ಸಂಬಳ, ಅನುಭವ ಪತ್ರ ಎರಡನ್ನೂ ಹೊರಡುವ ದಿನವೇ ಕೈಗೆ ಕೊಡಿ. ಐದು ವರ್ಷ ತುಂಬಿದವರಿಗೆ, ಕ್ಲಿನಿಕ್ಕಿನಲ್ಲಿ ಹತ್ತು ಜನರಿದ್ದರೆ, ಗ್ರಾಚ್ಯುಟಿ ಬರಬೇಕಾದ್ದು, ಅವರು ಕೇಳುವವರೆಗೆ ಕಾಯದೆ ಅದನ್ನು ಲೆಕ್ಕ ಹಾಕಿ. ಉಳಿದವರು ನೋಡುತ್ತಿರುತ್ತಾರೆ. ಹೋದವರನ್ನು ಎರಡು ತಿಂಗಳ ನಂತರ ಹೊರಗಿನ ವ್ಯಕ್ತಿ ಒಮ್ಮೆ ಫೋನ್ ಮಾಡಿ ಮಾತಾಡಿಸಲಿ. ಹೊರಡುವ ದಿನ "ಮನೇಲಿ ಕಷ್ಟ" ಎಂದವರು ಆಗ ಬಸ್ಸಿನ ಹೊತ್ತನ್ನೋ, ಕೌಂಟರಿನ ಮುಂದೆ ಕೇಳಿಸಿಕೊಂಡ ಮಾತನ್ನೋ ಹೇಳುತ್ತಾರೆ. ಅದನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ, ಮುಂದಿನ ಡ್ಯೂಟಿ ಪಟ್ಟಿ ಮಾಡುವಾಗ ತೆರೆದು ನೋಡಿ.